ಗೋಡೆಯಿಲ್ಲದ ಸೆರೆಮನೆ ಮತ್ತು ಸ್ವಾಮಿ ಭಾರತಾನಂದರು

ಶೇಂದ್ರಾ ಕೈಗಾರಿಕಾ ವಸಾಹತಿನಲ್ಲಿರುವ ನಮ್ಮ ಹೋಟೆಲಿನ ಗಲ್ಲಾದ ಮಗ್ಗುಲಿಗೆ ಒಂದು ಹಳೆಯ ಮೇಜುಂಟು. ಪತ್ರಿಕೆಯ ಹೊಣೆಯನ್ನು ಹೊತ್ತ ಮೇಲೆ ಹೋಟೆಲಿನ ಉಸ್ತುವಾರಿಯನ್ನು ತಮ್ಮನಿಗೆ ಒಪ್ಪಿಸಿದೆವಾದರೂ ಆ ಮೇಜನ್ನು ಮಾತ್ರ ನಾವು ಬಿಟ್ಟುಕೊಟ್ಟಿಲ್ಲ. ಮರಾಠಿಯಲ್ಲಿ ಅರ್ಜಿ ಬರೆಯಲರಿಯದ ಬೀದರ, ಕಲಬುರಗಿ, ವಿಜಯಪುರಗಳ ಕಡೆಯ ನಮ್ಮ ಜನರು ಕಾರಖಾನೆಯ ಪಾಳಿ ಮುಗಿಸಿ ಬಂದು ಅಲ್ಲಿಯೇ ಕುಳಿತು ಬರೆಯಿಸಿಕೊಂಡು ಹೋಗುವುದು ವಾಡಿಕೆ. ರೇಷನ್ ಕಾರ್ಡು, ಭವಿಷ್ಯನಿಧಿಯ ಹಣ, ಮಕ್ಕಳ ಶಾಲೆಯ ದಾಖಲೆ, ಬಹುತೇಕ ಇವೇ ವಿಷಯಗಳು. ಕೆಲವು ಕಾಲದ ಹಿಂದೆ ವಿಜಯಪುರ ಜಿಲ್ಲೆಯ ಗುಣದಾಳದ ಕಡೆಯ ತರುಣನೊಬ್ಬನು ತಂದ ವಿಷಯ ಬೇರೆಯಾಗಿತ್ತು.

ಆತನ ಅಣ್ಣನು ಕಬ್ಬು ಕಡಿಯುವ ಗ್ಯಾಂಗಿನೊಡನೆ ಪಶ್ಚಿಮ ಮಹಾರಾಷ್ಟ್ರಕ್ಕೆ ಬಂದವನು. ಒಂದು ರಾತ್ರಿ ಗುಡಿಸಲಿನ ಮುಂದೆ ಜಗಳವಾಗಿ, ತನ್ನ ಊರಿನವನೇ ಆದ ಜೊತೆಗಾರನ ಮೇಲೆ ಕೊಯ್ತವೆತ್ತಿ, ಅವನ ಸಾವಿಗೆ ಕಾರಣನಾಗಿ, ಜೀವಾವಧಿ ಶಿಕ್ಷೆ ಹೊಂದಿ ಈ ರಾಜ್ಯದ ಒಂದು ಕಾರಾಗೃಹದಲ್ಲಿದ್ದಾನೆ. ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಮಗನನ್ನೊಮ್ಮೆ ನೋಡಬೇಕೆಂಬುದೊಂದೇ ಆಕೆಯ ಹಂಬಲ. ಪೆರೋಲಿಗಾಗಿ ಅರ್ಜಿಯನ್ನು ನಾವೇ ಬರೆದುಕೊಟ್ಟೆವು. ಅರ್ಜಿಯು ಸೆರೆಮನೆಯಿಂದ ಮೇಲಿನ ಕಚೇರಿಗೆ ಹೋಯಿತು. ಅಲ್ಲಿಂದ ವಿಚಾರಣೆಯ ಕಾಗದವು ಗಡಿ ದಾಟಿ ಕರ್ನಾಟಕದ ಠಾಣೆಗೆ ಹೋಯಿತು. ಹೋದ ಕಾಗದ ಮರಾಠಿ, ಬಂದ ಉತ್ತರ ಕನ್ನಡ. ಎರಡೂ ಕಡೆ ಭಾಷಾಂತರಕ್ಕಾಗಿ ಕಾಗದವು ಕಾದಿತು. ಐದು ತಿಂಗಳ ತರುವಾಯ ಮಂಜೂರಾತಿಯ ಆಜ್ಞೆ ಬಂದಾಗ ತಾಯಿ ಮಣ್ಣು ಸೇರಿ ಹಲವು ವಾರಗಳಾಗಿದ್ದವು. ಯಾರ ಮೇಲೂ ದೋಷ ಹೊರಿಸಲು ನಾವು ಇದನ್ನು ಬರೆಯುತ್ತಿಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ಪಾಲಿನ ಕೆಲಸವನ್ನು ಮಾಡಿಯೇ ಇದ್ದನು. ಆದರೆ ಈ ಐದು ತಿಂಗಳಲ್ಲಿ ಆ ಬಂದಿಯನ್ನು ಎದುರಿಗೆ ಕೂರಿಸಿಕೊಂಡು, ಅವನ ಭಾಷೆಯಲ್ಲಿ, ಹೋದರೆ ಹಿಂತಿರುಗಿ ಬರುವೆಯಾ ಎಂದು ಕೇಳಿದವರು ಒಬ್ಬರೂ ಇರಲಿಲ್ಲವೆಂಬುದು ನಮ್ಮ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಗುಣದಾಳವೆಂಬ ಹೆಸರು ನಮ್ಮನ್ನು ಹಿಂದಿನ ಕಾಲಕ್ಕೆ ಒಯ್ದಿತು. ವಿಜಯಪುರ ಜಿಲ್ಲೆಯೊಳಗಿನ ಆ ಕನ್ನಡ ನೆಲವು ಒಂದು ಕಾಲಕ್ಕೆ ಸಾತಾರೆಯ ಕಡೆಯ ಔಂಧ ಸಂಸ್ಥಾನದ ಒಂದು ತುಂಡಾಗಿತ್ತು. ಅದೇ ಸಂಸ್ಥಾನದ ಇನ್ನೊಂದು ತುಂಡಾದ ಆಟಪಾಡಿಯಲ್ಲಿ 1939ರಲ್ಲಿ, ನಮ್ಮ ಬೆಂಗಳೂರಿನ ಕಾರಖಾನೆಯೊಂದರಿಂದ ಹೋದ ಪೋಲೆಂಡಿನ ಇಂಜಿನಿಯರರೊಬ್ಬರು ಸೆರೆಯಾಳುಗಳನ್ನು ಗೋಡೆಯಿಲ್ಲದ ಬಯಲಿನಲ್ಲಿ ಹೆಂಡತಿ ಮಕ್ಕಳೊಡನೆ ಇರಿಸುವ ಏರ್ಪಾಡಿಗೆ ಕಾರಣರಾದರು. ಅವರ ಹೆಸರು ಮಾರಿಸ್ ಫ್ರೀಡ್‌ಮನ್. ಕಾವಿ ಉಟ್ಟ ಮೇಲೆ ಸ್ವಾಮಿ ಭಾರತಾನಂದ. ಅಧ್ಯಾತ್ಮದ ಗ್ರಂಥಗಳನ್ನು ಓದುವವರಿಗೆ ಈ ಹೆಸರು ಚೆನ್ನಾಗಿ ಪರಿಚಿತ. ಸೆರೆಮನೆಯ ವಿಷಯದಲ್ಲಿ ಅವರನ್ನು ನೆನೆಯುವವರು ವಿರಳ.

ಫ್ರೀಡ್‌ಮನ್ನರು 1901ರಲ್ಲಿ ವಾರ್ಸಾ ನಗರದ ಬಡ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ಪೋಲೆಂಡು ಆಗ ಸ್ವತಂತ್ರ ದೇಶವಾಗಿರಲಿಲ್ಲ. ವಾರ್ಸಾ ರಷ್ಯದ ಚಕ್ರವರ್ತಿಯ ಆಳಿಕೆಗೆ ಒಳಪಟ್ಟಿತ್ತು. ಬಾಲ್ಯದಿಂದಲೇ ತೀಕ್ಷ್ಣಮತಿಯಾಗಿದ್ದ ಅವರು ವಿದ್ಯುತ್ ಇಂಜಿನಿಯರಿಂಗನ್ನು ಅಭ್ಯಸಿಸಿ ಹೊಸ ಹೊಸ ಉಪಕರಣಗಳನ್ನು ಕಲ್ಪಿಸುವುದರಲ್ಲಿ ಹೆಸರು ಪಡೆದರು. ಅದರೊಡನೆಯೇ ಬೇರೊಂದು ಹಸಿವೂ ಬೆಳೆಯುತ್ತಿತ್ತು. ತಮ್ಮ ಹಿರಿಯರ ಧರ್ಮಗ್ರಂಥಗಳನ್ನು ಓದಿದರು, ಕ್ರೈಸ್ತ ಸಂನ್ಯಾಸವನ್ನು ಪರೀಕ್ಷಿಸಿದರು, ಥಿಯಾಸಫಿಯ ಕಡೆಗೆ ತಿರುಗಿದರು, ಜೆ. ಕೃಷ್ಣಮೂರ್ತಿಯವರ ವಿಚಾರಗಳಿಗೆ ಮನಸೋತರು. ಫ್ರಾನ್ಸಿನಲ್ಲಿ ಉದ್ಯೋಗದಲ್ಲಿದ್ದಾಗ ಭಾರತಕ್ಕೆ ಹೋಗಬೇಕೆಂಬ ಬಯಕೆ ಅವರಲ್ಲಿ ದೃಢವಾಯಿತು.

ಅವರನ್ನು ಈ ದೇಶಕ್ಕೆ ಕರೆತಂದ ಕೀರ್ತಿ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲರದು. ಸಂಸ್ಥಾನದ ಸರಕಾರಿ ವಿದ್ಯುತ್ ಕಾರಖಾನೆಯನ್ನು ನಡೆಸಲು ಸಮರ್ಥರೊಬ್ಬರನ್ನು ಅರಸುತ್ತಿದ್ದ ದಿವಾನರು 1930ರ ದಶಕದ ನಡುಭಾಗದಲ್ಲಿ ಫ್ರೀಡ್‌ಮನ್ನರನ್ನು ಬೆಂಗಳೂರಿಗೆ ಆಹ್ವಾನಿಸಿದರು. ಮೈಸೂರು ರಸ್ತೆಯಲ್ಲಿ ಕವಿಕಾ ಎಂಬ ಹೆಸರಿನಿಂದ ನಾವು ಬಲ್ಲ ಕಾರಖಾನೆಯ ಮೂಲವೇ ಅದು. ಕೆಲಸದಲ್ಲಿ ನಿಷ್ಣಾತರಾದ ಈ ಅಧಿಕಾರಿಯು ಸಂಬಳವನ್ನು ಬಡವರಿಗೆ ಹಂಚುವುದನ್ನೂ, ತಲೆ ಬೋಳಿಸಿ ಕಾವಿ ಉಟ್ಟು ಕಾರಖಾನೆಗೆ ಬರುವುದನ್ನೂ ಕಂಡು ಬೆಂಗಳೂರು ಬೆರಗಾಯಿತು. ದಿವಾನರಿಗೆ ಇದು ಮುಜುಗರವನ್ನುಂಟುಮಾಡಿತಾದರೂ, ದೊಡ್ಡವರು ಕಾರಖಾನೆಯನ್ನು ನೋಡಲು ಬರುವ ದಿನ ಮಾತ್ರ ಕೋಟು ಪಾಟಲೂನು ಧರಿಸಿದರೆ ಸಾಕೆಂಬ ಒಪ್ಪಂದಕ್ಕೆ ಇಬ್ಬರೂ ಬಂದರೆಂದು ಹೇಳುತ್ತಾರೆ. ಕೆಲಸ ಬಲ್ಲವನ ಉಡುಪನ್ನು ನೋಡಬಾರದೆಂಬ ವಿವೇಕ ಆ ದಿವಾನರಲ್ಲಿತ್ತು.

ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ಆನಂದಾಶ್ರಮವನ್ನು ಸ್ಥಾಪಿಸಿದ ಸ್ವಾಮಿ ರಾಮದಾಸರ ಸಂಪರ್ಕ ಫ್ರೀಡ್‌ಮನ್ನರಿಗೆ ಈ ಕಾಲದಲ್ಲಿಯೇ ಒದಗಿತು. ತಿರುವಣ್ಣಾಮಲೆಯ ರಮಣಮಹರ್ಷಿಗಳ ಸನ್ನಿಧಿಗೂ ಮೇಲಿಂದ ಮೇಲೆ ಹೋಗಿ ಬರುತ್ತಿದ್ದರು. ಮಹರ್ಷಿಗಳೊಡನೆ ನಡೆದ ಪ್ರಶ್ನೋತ್ತರಗಳ ಸಂಗ್ರಹವೊಂದು 1939ರಲ್ಲಿ ಪ್ರಕಟವಾದುದು ಇವರ ಶ್ರಮದಿಂದಲೇ. ವಾರ್ಧಾಕ್ಕೆ ಹೋಗಿ ಗಾಂಧೀಜಿಯವರ ಬಳಿ ಇದ್ದಾಗ ಇಂಜಿನಿಯರನ ಬುದ್ಧಿ ಸುಮ್ಮನಿರದೆ ಚರಕದ ಹೊಸ ಮಾದರಿಗಳನ್ನು ರಚಿಸಿತು. ಬಡವನು ತಾನೇ ಮಾಡಿಕೊಳ್ಳಬಹುದಾದ ಅಗ್ಗದ ನೂಲುವ ಸಾಧನವಾಗಬೇಕೆಂಬುದು ಅವರ ಹಟ.

ಇನ್ನು ಔಂಧದ ಕಡೆಗೆ ಹೋಗೋಣ. ಔಂಧವು ಅತಿ ಚಿಕ್ಕ ಸಂಸ್ಥಾನ. ವಿಸ್ತೀರ್ಣ ಸುಮಾರು 500 ಚದರ ಮೈಲಿ, 72 ಹಳ್ಳಿಗಳು, ಜನಸಂಖ್ಯೆ ಒಂದು ಲಕ್ಷಕ್ಕೂ ಕಡಿಮೆ. ಅದೂ ಒಂದೆಡೆ ಸೇರಿದ ನೆಲವಲ್ಲ, ಹರಿದ ಕಂಬಳಿಯ ಚೂರುಗಳಂತೆ ಬ್ರಿಟಿಷ್ ಸೀಮೆಯ ನಡುವೆ ಹರಡಿಕೊಂಡಿತ್ತು. 1909ರಲ್ಲಿ ಪಟ್ಟಕ್ಕೆ ಬಂದ ರಾಜಾ ಭವಾನರಾವ್ ಪಂತ ಪ್ರತಿನಿಧಿಯವರು ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರದ ಮಹಾಪ್ರಚಾರಕರು. ಬೆಳಗಾವಿಯಲ್ಲಿ ನೆಲೆ ಕಳೆದುಕೊಂಡ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ 1910ರಲ್ಲಿ ಕುಂಡಲದ ಬಳಿ ಕಲ್ಲುಮುಳ್ಳಿನ ಭೂಮಿಯನ್ನಿತ್ತು ಕಿರ್ಲೋಸ್ಕರವಾಡಿಯ ಹುಟ್ಟಿಗೆ ನೆರವಾದವರೂ ಇವರೇ. ನಮ್ಮ ವಿಷಯಕ್ಕೆ ಸಂಬಂಧಿಸಿದ ಸಂಗತಿಯೊಂದು ಇಲ್ಲಿದೆ. ಸೆರೆಮನೆಯಿಂದ ಬಿಡುಗಡೆಯಾದ ಜನರನ್ನು ಕಿರ್ಲೋಸ್ಕರರು ತಮ್ಮ ವಾಡಿಯಲ್ಲಿ ರಾತ್ರಿಯ ಕಾವಲಿಗೆ ಇರಿಸಿಕೊಂಡಿದ್ದರು. ಕಳ್ಳತನದಲ್ಲಿ ಪಳಗಿದವನ ಕೈಗೇ ಬಾಗಿಲು ಕಾಯುವ ಕೆಲಸ. ಇದನ್ನು ಮೊದಲ ಸಲ ಓದಿದಾಗ ನಮಗೆ ನಗು ಬಂತು. ಆದರೆ ಹೋಟೆಲಿನ ಅನುಭವವುಳ್ಳ ಯಾರಿಗೂ ಇದು ಪೂರ್ತಿ ಹೊಸದಲ್ಲ. ಮನೆ ಬಿಟ್ಟು ಓಡಿ ಬಂದ ಹುಡುಗನನ್ನು ಎಷ್ಟು ಪ್ರಶ್ನಿಸಿದರೂ ಅವನ ಸ್ವಭಾವ ತಿಳಿಯದು, ಒಂದು ದಿನ ಗಲ್ಲಾದ ಮೇಲೆ ಕೂರಿಸಿದರೆ ತಿಳಿಯುತ್ತದೆ. ಆ ದಿನ ಹಣ ಹೋಗುವುದೂ ಉಂಟು. ನಮ್ಮಲ್ಲಿ ಒಮ್ಮೆ ಹೋಗಿದೆ.

ರಾಜರ ಮಗನಾದ ಅಪ್ಪಾಸಾಹೇಬ ಪಂತರು ಆಕ್ಸ್‌ಫರ್ಡಿನಲ್ಲಿ ಓದಿ ಬ್ಯಾರಿಸ್ಟರರಾಗಿ 1937ರಲ್ಲಿ ಹಿಂತಿರುಗಿದ ತರುಣರು. ಅವರಿಗೂ ಫ್ರೀಡ್‌ಮನ್ನರಿಗೂ ಬೆಳೆದ ಸ್ನೇಹವೇ ಫ್ರೀಡ್‌ಮನ್ನರನ್ನು ಬೆಂಗಳೂರಿನಿಂದ ಔಂಧಕ್ಕೆ ತಂದಿತು. ರಾಜ್ಯಾಧಿಕಾರವನ್ನು ಪ್ರಜೆಗಳಿಗೇ ಒಪ್ಪಿಸಬೇಕೆಂಬ ವಿಚಾರವನ್ನು ವೃದ್ಧ ರಾಜರ ಮುಂದೆ ಇಟ್ಟವರಲ್ಲಿ ಫ್ರೀಡ್‌ಮನ್ನರು ಮುಖ್ಯರು. ರಾಜರು ಒಪ್ಪಿದರು. 1938ರ ನವೆಂಬರಿನಲ್ಲಿ ಘೋಷಣೆ ಹೊರಟಿತು. ಮಗನೂ ಫ್ರೀಡ್‌ಮನ್ನರೂ ವಾರ್ಧಾಕ್ಕೆ ಹೋಗಿ ಗಾಂಧೀಜಿಯವರ ಸಲಹೆಯಂತೆ ಸಂವಿಧಾನದ ಕರಡನ್ನು ಸಿದ್ಧಗೊಳಿಸಿದರು. 1939ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ಹಳ್ಳಿಯ ಪಂಚಾಯತಿಯೇ ಆಡಳಿತದ ತಳಹದಿಯಾಯಿತು. ನ್ಯಾಯದಾನದ ಬಹುಭಾಗವೂ ಪಂಚಾಯತಿಯ ಕೈಗೆ ಬಂದಿತು. ತಂಟೆ ನಡೆದ ಊರಿನಲ್ಲೇ, ಎರಡೂ ಪಕ್ಷಗಳ ಮುಖ ಬಲ್ಲವರ ಎದುರಿಗೇ ವಿಚಾರಣೆ. ದೇಶವೇ ಪರತಂತ್ರವಾಗಿದ್ದಾಗ ಮಹಾರಾಷ್ಟ್ರದ ಒಂದು ಮೂಲೆಯಲ್ಲಿಯೂ ವಿಜಯಪುರದ ಒಂದು ಮೂಲೆಯಲ್ಲಿಯೂ ಹೀಗೊಂದು ಸ್ವರಾಜ್ಯವಿತ್ತು.

ಜನರಿಗೆ ಸ್ವರಾಜ್ಯ ಬಂದ ಮೇಲೆ ಸೆರೆಮನೆಯ ಜನರ ಪಾಡೇನು ಎಂಬ ಪ್ರಶ್ನೆ ಫ್ರೀಡ್‌ಮನ್ನರನ್ನು ಕಾಡಿರಬೇಕು. ಬಂದಿಗಳನ್ನು ನಾಲ್ಕು ಗೋಡೆಗಳ ನಡುವೆ ಕೂಡಿಹಾಕಿ, ಅವರು ತಿದ್ದಿಕೊಂಡರೋ ಇಲ್ಲವೋ ಎಂದು ನಿರ್ಣಯಿಸುವುದು, ನೀರಿಗಿಳಿಸದೆ ಈಜು ಬಲ್ಲನೇ ಎಂದು ಕೇಳಿದ ಹಾಗೆ. ಗೋಡೆಯೊಳಗೆ ಸಾಧುವಾಗಿರುವುದು ಯಾರಿಗೂ ಕಷ್ಟವಲ್ಲ, ಅಲ್ಲಿ ಕೆಡಲು ಅವಕಾಶವೇ ಕಡಿಮೆ. ಆದುದರಿಂದ ಮೊದಲು ವಿಶ್ವಾಸವಿಡಬೇಕು, ಬಳಿಕ ಪರೀಕ್ಷಿಸಬೇಕು. ಆಟಪಾಡಿಯ ಏರ್ಪಾಡಿನ ಹಿಂದೆ ನಮಗೆ ಕಾಣುವ ತತ್ವ ಇದು.

ಆಟಪಾಡಿಯೆಂದರೆ ಬರಗಾಲದ ಸೀಮೆ. ಮಾಣಗಂಗೆ ಹೆಸರಿಗೆ ನದಿ, ವರ್ಷದ ಬಹುಭಾಗ ಅದು ಮರಳು. ಕುರುಬರು ಕುರಿ ಅಟ್ಟಿಕೊಂಡು ತಿರುಗುವ ಬಯಲು. ಅವರ ಬಿರೋಬನೂ ನಮ್ಮ ಬೀರಪ್ಪನೂ ಬೇರೆ ದೇವರಲ್ಲ. ಈ ಸೀಮೆಯ ಜೀವನವನ್ನು ವ್ಯಂಕಟೇಶ ಮಾಡಗೂಳಕರರು ಬನಗರವಾಡಿ ಎಂಬ ಕಾದಂಬರಿಯಲ್ಲಿ ಚಿತ್ರಿಸಿರುವುದನ್ನು ಮರಾಠಿ ಬಲ್ಲ ನಮ್ಮ ವಾಚಕರು ಓದಿರಬಹುದು. ಇಂಥ ನೆಲದಲ್ಲಿ 1939ರಲ್ಲಿ ಒಂದು ವಸಾಹತು ಎದ್ದಿತು. ಅದಕ್ಕೆ ಇಟ್ಟ ಹೆಸರು ಸ್ವತಂತ್ರಪುರ. ಸೆರೆಯಾಳುಗಳ ಊರಿಗೆ ಈ ಹೆಸರು!

ಸ್ವತಂತ್ರಪುರಕ್ಕೆ ಸುತ್ತುಗೋಡೆ ಇರಲಿಲ್ಲ. ಘೋರ ಅಪರಾಧಕ್ಕಾಗಿ ದೀರ್ಘಶಿಕ್ಷೆ ಹೊಂದಿದವರನ್ನೂ ಅಲ್ಲಿಗೆ ತರಲಾಯಿತು. ಅವರು ನೆಲ ಹಸನು ಮಾಡಬೇಕು, ಬಿತ್ತಬೇಕು, ಬೆಳೆಯಬೇಕು. ಹೆಂಡತಿ ಮಕ್ಕಳನ್ನು ಕರೆತಂದು ಸಂಸಾರ ಹೂಡಲು ಅನುಮತಿಯಿತ್ತು. ಏರ್ಪಾಡಿನ ಜೀವಾಳವೇ ಇದು ಎಂದು ನಮ್ಮ ಅಭಿಪ್ರಾಯ. ಕೈದಿಯನ್ನು ಹಿಡಿದಿಡುವ ಸರಪಳಿಗಳಲ್ಲಿ ಸಂಸಾರದಷ್ಟು ಗಟ್ಟಿಯಾದುದನ್ನು ಯಾವ ಕಮ್ಮಾರನೂ ಮಾಡಿಲ್ಲ. ಹತ್ತು ವರ್ಷ ಹೆಂಡತಿಯ ಮುಖ ಕಾಣದೆ ಹೊರಬಂದವನಿಗೆ ಮನೆಯೆಂಬುದು ಒಂದು ಹೆಸರು ಮಾತ್ರ. ಪ್ರತಿ ಸಂಜೆ ರೊಟ್ಟಿಯ ಮುಂದೆ ಮಕ್ಕಳೊಡನೆ ಕುಳಿತವನು ಶಿಕ್ಷೆ ಮುಗಿಯುವ ದಿನ ಬದುಕನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಮಾಡಿದ ತಪ್ಪಿಗೆ ಶಿಕ್ಷೆಯೇನೋ ಇದೆ, ಆ ಶಿಕ್ಷೆಯು ಹೆಂಡತಿ ಮಕ್ಕಳ ಮೇಲೂ ಬೀಳಬೇಕೆಂದು ಯಾವ ನ್ಯಾಯಾಧೀಶನೂ ಬರೆದಿರುವುದಿಲ್ಲ.

ಇದೆಲ್ಲವೂ ಅಲ್ಲಿ ಸಾಧ್ಯವಾಗಲು ಕಾರಣವೊಂದಿತ್ತು. ಸಂಸ್ಥಾನ ಚಿಕ್ಕದು. ಒಡೆಯರು ಒಪ್ಪಿದರೆ ಆಜ್ಞೆ ಹೊರಡಲು ಹತ್ತು ಮೇಜುಗಳನ್ನು ದಾಟಬೇಕಾಗಿರಲಿಲ್ಲ. ಹಾಗೆಂದು ರಾಜರ ಕಾಲವೇ ಚೆನ್ನಾಗಿತ್ತೆಂದು ನಾವು ಹೇಳುವುದಿಲ್ಲ. ಒಬ್ಬನ ಮನಸ್ಸಿನಿಂದ ಬಂದ ದಯೆಯು ಮತ್ತೊಬ್ಬನ ಮನಸ್ಸಿನಿಂದ ಹೋಗಬಹುದು. ಕೋಟಿಗಟ್ಟಲೆ ಜನರ ರಾಜ್ಯಕ್ಕೆ ನಿಯಮಗಳು ಬೇಕು. ಆದರೆ ನಿಯಮ ಬಂದೊಡನೆ ಮನುಷ್ಯನ ಮುಖ ಮರೆಯಾಗಬೇಕೇ ಎಂಬುದು ಪ್ರಶ್ನೆ.

ಈ ಪ್ರಶ್ನೆ ಆಟಪಾಡಿಯಲ್ಲಿ ಹುಟ್ಟಿದುದಲ್ಲ. ಪೆರೋಲ್ ಎಂಬ ಫ್ರೆಂಚ್ ಪದದ ಅರ್ಥವೇ ಮಾತು, ಕೊಟ್ಟ ಮಾತು. ಯುದ್ಧದಲ್ಲಿ ಸೆರೆಸಿಕ್ಕ ಯೋಧನನ್ನು ಅವನ ಮಾತಿನ ಮೇಲೆ ಬಿಡುತ್ತಿದ್ದ ಪದ್ಧತಿಯಿಂದ ಬಂದ ಹೆಸರದು. ಅಪರಾಧಿಗಳ ವಿಷಯದಲ್ಲಿ ಅದರ ಮೂಲಪುರುಷನೆಂದು ಹೇಳಬಹುದಾದವನು ಸ್ಕಾಟ್ಲೆಂಡಿನ ನೌಕಾಧಿಕಾರಿ ಅಲೆಕ್ಸಾಂಡರ್ ಮಕಾನಕಿ. ಫ್ರಾನ್ಸಿನಲ್ಲಿ ಯುದ್ಧಕೈದಿಯಾಗಿ ತಾನೇ ಸೆರೆಯ ರುಚಿ ಕಂಡವನು. ಆಸ್ಟ್ರೇಲಿಯದ ಆಚೆಗಿನ ನಾರ್ಫೋಕ್ ದ್ವೀಪದ ಭಯಂಕರ ಬಂದಿಖಾನೆಗೆ 1840ರಲ್ಲಿ ಅಧಿಪತಿಯಾಗಿ ಬಂದು, ದುಡಿಮೆಗೂ ನಡತೆಗೂ ಅಂಕಗಳನ್ನಿತ್ತು, ಅಂಕಗಳಿಂದ ಬಿಡುಗಡೆಯನ್ನು ಗಳಿಸುವ ಪದ್ಧತಿಯನ್ನು ತಂದನು. ಆ ವರ್ಷದ ಮೇ ತಿಂಗಳಿನಲ್ಲಿ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬಕ್ಕೆ ಬಾಗಿಲು ತೆರೆದು ಬಂದಿಗಳಿಗೆ ಔತಣವಿಕ್ಕಿ ದ್ವೀಪವೆಲ್ಲ ಅಡ್ಡಾಡಲು ಬಿಟ್ಟನು. ಸಂಜೆ ಎಲ್ಲರೂ ಹಿಂತಿರುಗಿದರು. ಅವನಿಗೆ ದೊರೆತ ಫಲವೆಂದರೆ 1844ರಲ್ಲಿ ಹುದ್ದೆಯಿಂದ ತೆರವು. ಅವನ ವಿಚಾರವೇ ಐರ್ಲೆಂಡನ್ನು ದಾಟಿ, ಅಮೆರಿಕದ ಎಲ್ಮೈರಾದಲ್ಲಿ 1876ರಲ್ಲಿ ತೆರೆದ ಸುಧಾರಣಾಗೃಹಕ್ಕೆ ಹೋಗಿ, ಪೆರೋಲ್ ಮಂಡಳಿಗಳ ರೂಪ ತಾಳಿತು.

ನಮ್ಮವರಿಗೆ ಇದು ಹೊಸ ಕಥೆಯಲ್ಲ. ಗೋವಿನ ಹಾಡಿನ ಪುಣ್ಯಕೋಟಿಗೆ ದೊರೆತುದು ಪೆರೋಲ್ ಅಲ್ಲದೆ ಮತ್ತೇನು? ಕರುವಿಗೆ ಹಾಲುಣಿಸಿ ಬರುವೆನೆಂಬ ಮಾತಿನ ಮೇಲೆ ಹುಲಿಯು ಹಸುವನ್ನು ಬಿಟ್ಟಿತು. ಹುಲಿಗೂ ಸಂಶಯವಿತ್ತು, ಒಮ್ಮೆಗೇ ನಂಬಲಿಲ್ಲ. ಆದರೆ ಸಂಶಯವನ್ನು ಹಸುವಿನ ಎದುರಿಗೇ ಆಡಿತು, ಹಸುವಿನ ಉತ್ತರವನ್ನು ಕೇಳಿತು, ಬಳಿಕ ನಿರ್ಣಯಿಸಿತು. ಗೊಲ್ಲರ ದೊಡ್ಡಿಯಿಂದ ವರದಿ ಬರಲೆಂದು ಕಾಯಿಸಿದ್ದರೆ ಕರುವಿನ ಗತಿ ಏನಾಗುತ್ತಿತ್ತೋ!

ಔಂಧದ ಕಥೆಗೆ ಮರಳೋಣ. 1948ರ ಮಾರ್ಚಿಯಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಪಂಚಾಯತಿಯ ಸ್ವರಾಜ್ಯ ಅದರೊಡನೆ ಕೊನೆಗೊಂಡಿತು. ಗುಣದಾಳವು ಮುಂದೆ ಕನ್ನಡನಾಡಿಗೆ ಬಂದಿತು, ಆಟಪಾಡಿ ಸಾಂಗಲಿ ಜಿಲ್ಲೆಗೆ ಸೇರಿತು. ಭವಾನರಾವ್ ರಾಜರು 1951ರಲ್ಲಿ ತೀರಿಕೊಂಡರು. ಆದರೆ ಸ್ವತಂತ್ರಪುರ ಮುಚ್ಚಲಿಲ್ಲ. ಮಹಾರಾಷ್ಟ್ರದ ಕಾರಾಗೃಹ ಇಲಾಖೆಯ ಆಡಳಿತದಲ್ಲಿ ಅದು ಮುಕ್ತ ವಸಾಹತಾಗಿ ಉಳಿದುಕೊಂಡಿದೆ. ಉತ್ತರ ಪ್ರದೇಶದಲ್ಲಿ ಸಂಪೂರ್ಣಾನಂದರು ಬಂದಿಗಳ ತೆರೆದ ಶಿಬಿರಗಳನ್ನು ಆರಂಭಿಸಿದುದು 1952ರ ಸುಮಾರಿಗೆ. ರಾಜಸ್ಥಾನದ ಸಾಂಗಾನೇರ್ ಶಿಬಿರ 1963ರದು. ಆಟಪಾಡಿಯು ಇವೆಲ್ಲಕ್ಕೂ ಹಿರಿಯದು.

ಈ ಪ್ರಯೋಗವನ್ನು ಲೋಕಕ್ಕೆ ತಿಳಿಸಿದುದು 1957ರ ದೋ ಆಂಖೇ ಬಾರಾ ಹಾಥ್ ಎಂಬ ಚಲಚ್ಚಿತ್ರ. ಕಥೆಯನ್ನು ಬರೆದ ಗ. ದಿ. ಮಾಡಗೂಳಕರರು ಆಟಪಾಡಿ ಸೀಮೆಯವರೇ, ಔಂಧದಲ್ಲಿ ಓದಿದವರು, ಮೇಲೆ ಹೇಳಿದ ಕಾದಂಬರಿಕಾರರ ಅಣ್ಣ. ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿ ನಟಿಸಿದ ವ್ಹಿ. ಶಾಂತಾರಾಮರು ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿದವರು, ಅಲ್ಲಿನ ತಗಡಿನ ಚಿತ್ರಮಂದಿರದ ಬಾಗಿಲಲ್ಲಿ ನಿಂತವರು. ಆರು ಕೊಲೆಗಡುಕರನ್ನು ಬೀಳುಭೂಮಿಗೆ ಕರೆದೊಯ್ದು ವಿಶ್ವಾಸದಿಂದ ತಿದ್ದುವ ಜೈಲರನ ಕಥೆಯದು. ರಾಷ್ಟ್ರಪತಿಗಳ ಸುವರ್ಣಪದಕ ದೊರೆಯಿತು, 1958ರ ಬರ್ಲಿನ್ ಉತ್ಸವದಲ್ಲಿಯೂ ಗೌರವ ಸಂದಿತು. ಆದರೆ ಚಿತ್ರದ ನಾಯಕ ಒಬ್ಬ ಸರಕಾರಿ ಜೈಲರ್. ಅದನ್ನು ಕಂಡು ಕಣ್ಣೀರು ಹಾಕಿದ ಲಕ್ಷಾಂತರ ಜನರಿಗೆ ಕಾವಿಯುಟ್ಟ ಪೋಲಿಷ್ ಇಂಜಿನಿಯರನ ಹೆಸರು ತಿಳಿಯಲಿಲ್ಲ. ಹೆಸರಿಗಾಗಿ ಫ್ರೀಡ್‌ಮನ್ನರು ಎಂದೂ ಬಾಯಿಬಿಟ್ಟವರಲ್ಲ.

ಅಷ್ಟರಲ್ಲಿ ಅವರು ಬೇರೆ ಕೆಲಸಗಳಲ್ಲಿ ಮುಳುಗಿದ್ದರು. ವಾಂದಾ ದಿನೋವ್ಸ್ಕಾ ಎಂಬ ಪೋಲಿಷ್ ಮಹಿಳೆಯೊಡನೆ ಸೇರಿ 1940ರ ದಶಕದಲ್ಲಿ ಭಾರತೀಯ ಗ್ರಂಥಗಳನ್ನು ಪೋಲಿಷ್ ಭಾಷೆಗೂ ಪೋಲಿಷ್ ಸಾಹಿತ್ಯವನ್ನು ಇಲ್ಲಿಗೂ ತರುವ ಗ್ರಂಥಮಾಲೆಯನ್ನು ನಡೆಸಿದರು. 1959ರಲ್ಲಿ ದಲಾಯಿ ಲಾಮಾ ಅವರೊಡನೆಯೂ ಬಳಿಕವೂ ಟಿಬೇಟಿನಿಂದ ನಿರಾಶ್ರಿತರು ಬಂದಾಗ ಅವರ ಮಕ್ಕಳ ಆರೈಕೆಗೂ ನೆಲೆಗೂ ಇಬ್ಬರೂ ದುಡಿದರು. ಕೊನೆಯ ವರ್ಷಗಳಲ್ಲಿ ಮುಂಬಯಿಯಲ್ಲಿ ನೆಲೆಸಿದ ಅವರನ್ನು ಖೇತವಾಡಿಯ ಗಲ್ಲಿಯಲ್ಲಿದ್ದ ಒಬ್ಬ ಬೀಡಿ ಅಂಗಡಿಕಾರರು ಸೆಳೆದರು. ಅವರೇ ನಿಸರ್ಗದತ್ತ ಮಹಾರಾಜರು. ಮಹಾರಾಜರ ಮರಾಠಿ ಮಾತುಗಳನ್ನು ಮುದ್ರಿಸಿಕೊಂಡು ಇಂಗ್ಲಿಷಿಗೆ ತಂದು 1973ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆ ಅಂಗಡಿಕಾರರು ಜಗತ್ಪ್ರಸಿದ್ಧರಾದರು. 1976ರ ಮಾರ್ಚಿ 9ರಂದು ಮುಂಬಯಿಯಲ್ಲಿ ಫ್ರೀಡ್‌ಮನ್ನರ ಪ್ರಾಣ ಹೋದಾಗ ಮಹಾರಾಜರು ಹತ್ತಿರವೇ ಇದ್ದರು. ಆಸ್ತಿಯೆಂಬುದು ಅವರಿಗಿರಲಿಲ್ಲ.

ಅವರು ಹಾಕಿಕೊಟ್ಟ ದಾರಿ ಅಗಲವಾಯಿತೇ? ಮುಕ್ತ ಕ್ರಮದ ಸೆರೆಮನೆಗಳು ಈ ರಾಜ್ಯದಲ್ಲಿ ಬೇರೆಯೂ ಇವೆ. ಶೇಂದ್ರಾದಿಂದ ಬಹುದೂರವಿಲ್ಲದ ಪೈಠಣದಲ್ಲಿಯೇ, ಜಾಯಕವಾಡಿ ಅಣೆಕಟ್ಟಿನ ಸೀಮೆಯಲ್ಲಿ, ಒಂದಿದೆ. ಅಲ್ಲಿ ಬಂದಿಗಳು ಹೊಲದಲ್ಲಿ ದುಡಿಯುತ್ತಾರೆ. ಕರ್ನಾಟಕದಲ್ಲಿ ದೇವನಹಳ್ಳಿಯ ಬಳಿಯ ಕೋರಮಂಗಲದಲ್ಲಿಯೂ ಉಂಟು. ಬೆಂಗಳೂರಿನ ಶ್ರೀಮಂತ ಬಡಾವಣೆಯ ಹೆಸರೂ ಇದೇ ಆಗಿರುವುದರಿಂದ ಅನೇಕರು ನಂಬುವುದಿಲ್ಲ. ಆದರೆ ಸಂಸಾರ ಸಮೇತ ಇರಿಸುವ ಆಟಪಾಡಿಯ ಮಾದರಿ ಮಾತ್ರ ಮಹಾರಾಷ್ಟ್ರದಲ್ಲಿ ಬೆಳೆಯಲಿಲ್ಲ. ಎಂಟು ದಶಕಗಳು ಕಳೆದರೂ ಸ್ವತಂತ್ರಪುರದಲ್ಲಿ ಇರುವುದು ಮೂವತ್ತರೊಳಗಿನ ಬಂದಿಗಳಿಗಾಗುವಷ್ಟು ಸ್ಥಳ.

ಉಳಿದವರಿಗೆ ಇರುವುದು ಪೆರೋಲ್ ಮತ್ತು ಫರ್ಲೋ. 1959ರ ಮುಂಬಯಿ ನಿಯಮಾವಳಿ ಹಾಕಿಕೊಟ್ಟ ಪದ್ಧತಿಯಂತೆ, ಕಾಯಿಲೆ, ಸಾವು, ಮದುವೆ ಮೊದಲಾದ ಕಾರಣಕ್ಕೆ ಪೆರೋಲ್. ಕಾರಣವಿಲ್ಲದೆಯೂ ಸಂಸಾರದ ನಂಟು ಕಡಿಯದಿರಲೆಂದು ನಿಯತಕಾಲಕ್ಕೆ ಫರ್ಲೋ. ಎರಡೂ ಒಳ್ಳೆಯ ಉದ್ದೇಶದವೇ. ಆದರೆ ನಿರ್ಣಯಿಸುವವರು ಅಧಿಕಾರಿಗಳು, ನಿರ್ಣಯಿಸುವುದು ಕಾಗದ ನೋಡಿ. ಸೆರೆಮನೆಯ ಅಭಿಪ್ರಾಯ, ಊರಿನ ಪೊಲೀಸರ ವರದಿ, ಜಾಮೀನು ನಿಲ್ಲುವ ಬಂಧು, ಇವು ಮೂರು ಸೇರಬೇಕು. ಅಮೆರಿಕ, ಇಂಗ್ಲೆಂಡುಗಳಲ್ಲಿ ಮಂಡಳಿಯು ಬಂದಿಯನ್ನು ಕರೆದು ವಿಚಾರಿಸುವ ಸಂಪ್ರದಾಯವುಂಟು. ಅಲ್ಲಿಯೂ ದೋಷಗಳಿಲ್ಲದಿಲ್ಲ, ಮುಖ ಕಂಡೂ ಮುಖ ನೋಡದವರು ಎಲ್ಲೆಡೆ ಇದ್ದಾರೆ. ನಮ್ಮಲ್ಲಿ ಆ ಸಂಪ್ರದಾಯವೇ ಬೇರೂರಲಿಲ್ಲ. ಊರು ಒಂದು ರಾಜ್ಯದಲ್ಲಿ, ಸೆರೆ ಮತ್ತೊಂದರಲ್ಲಿ ಇರುವ ನಮ್ಮಂಥ ವಲಸೆಯವರ ಮಕ್ಕಳಿಗೆ ಇದರ ಬಿಸಿ ಎರಡರಷ್ಟು.

2020ರ ಮಹಾಮಾರಿಯ ಕಾಲದ ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇವೆ. ಸೆರೆಮನೆಗಳನ್ನು ತೆರವುಗೊಳಿಸಲು ಆ ವರ್ಷದ ಮೇ ತಿಂಗಳಿನಲ್ಲಿ ಮಹಾರಾಷ್ಟ್ರ ಸರಕಾರವು ತುರ್ತು ಪೆರೋಲಿನ ನಿಯಮವನ್ನು ಸೇರಿಸಿತು. ಏಳು ವರ್ಷಕ್ಕೂ ಹೆಚ್ಚಿನ ಶಿಕ್ಷೆಯವರಾದರೆ, ಹಿಂದೆ ಎರಡು ಸಲ ಹೊರಗೆ ಹೋಗಿ ವೇಳೆಗೆ ಸರಿಯಾಗಿ ಹಿಂತಿರುಗಿರಬೇಕೆಂಬ ಷರತ್ತು. ಹಾಗಾದರೆ ಒಮ್ಮೆಯೂ ಹೊರಗೆ ಬಿಡದವನು ಹಿಂತಿರುಗಿದುದನ್ನು ತೋರಿಸುವುದೆಂತು? ಉಚ್ಚ ನ್ಯಾಯಾಲಯದವರೆಗೆ ಹೋದ ಮೇಲೆ, ಎಂದೂ ಬಿಡುಗಡೆ ಹೊಂದದವರನ್ನು ಈ ಷರತ್ತಿನಿಂದ ಹೊರಗಿಡಲಾಗದೆಂಬ ನಿರ್ಣಯ ಬಂದಿತು. ಫ್ರೀಡ್‌ಮನ್ನರು 1939ರಲ್ಲಿಯೇ ದಾಟಿದ ಹೊಸ್ತಿಲನ್ನು ನಾವು 2020ರಲ್ಲಿ ಎಡವಿದೆವು.

ಎದುರಿನ ಪಕ್ಷದ ಮಾತನ್ನು ಮರೆತು ಬರೆಯುವುದು ಪತ್ರಿಕಾಧರ್ಮವಲ್ಲ. ಹೋದವರಲ್ಲಿ ಕೆಲವರು ಹಿಂತಿರುಗುವುದಿಲ್ಲ. ಕೆಲವರು ಹೋದಲ್ಲಿ ಮತ್ತೆ ಅಪರಾಧವೆಸಗಿದ್ದಾರೆ. ಆ ತರುಣನ ಊರಿನಲ್ಲಿ, ಅವನ ಮನೆಯಿಂದ ನಾಲ್ಕು ಮನೆಯಾಚೆ, ಸತ್ತವನ ತಾಯಿ ಇನ್ನೂ ಇದ್ದಾಳೆ. ಆಕೆಯನ್ನೂ ಯಾರೂ ಕೇಳಲಿಲ್ಲ. ಠಾಣೆಯ ವರದಿಯಲ್ಲಿ ಶಾಂತಿಭಂಗದ ಸಂಭವವಿದೆ ಅಥವಾ ಇಲ್ಲ ಎಂಬ ಒಂದು ವಾಕ್ಯದಲ್ಲಿ ಆಕೆಯ ದುಃಖವೂ ಭಯವೂ ಅಡಗಿಹೋಗುತ್ತವೆ. ವಿಚಾರಣೆಯೆಂದು ನಾವು ಹೇಳುವುದು ಆಕೆಯ ಮಾತಿಗೂ ಜಾಗವಿರುವ ವಿಚಾರಣೆಯನ್ನೇ. ಮಂಡಳಿಯೊಂದಿರಲಿ. ಬಂದಿಯನ್ನು ಎದುರಿಗೆ ಕರೆಯಲಿ, ದೂರವಾದರೆ ಸೆರೆಮನೆಯಲ್ಲೀಗ ಇರುವ ವಿಡಿಯೋ ಯಂತ್ರದ ಮೂಲಕವಾದರೂ ಸರಿ. ಅವನ ಭಾಷೆ ಬಲ್ಲ ದುಭಾಷಿಯಿರಲಿ. ನೊಂದವರ ಮನೆಯ ಮಾತನ್ನು ಕೇಳಲಿ. ನೆರೆರಾಜ್ಯದ ವರದಿಗೆ ಗಡುವಿರಲಿ, ಗಡುವು ಮೀರಿದರೆ ಅದರ ಭಾರ ಬಂದಿಯ ತಲೆಗೆ ಬೀಳದಿರಲಿ. ನಿರಾಕರಿಸಿದರೆ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಲಿ. ಇದರಲ್ಲಿ ಅಸಾಧ್ಯವಾದುದೇನೂ ನಮಗೆ ಕಾಣುವುದಿಲ್ಲ.

ತರುಣನು ಕಳೆದ ವಾರ ಮತ್ತೆ ಬಂದಿದ್ದನು. ತಾಯಿ ಇಲ್ಲವಾದುದರಿಂದ ಪೆರೋಲಿಗೆ ಕಾರಣವಿಲ್ಲ, ಈ ಸಲ ಫರ್ಲೋ ಕೇಳಬೇಕು. ಜಾಮೀನಿಗೆ ಸೋದರತ್ತೆ ಒಪ್ಪಿದ್ದಾಳೆ. ಆಕೆಯ ಹೆಬ್ಬೆಟ್ಟಿನ ಗುರುತು ಹಾಕಿಸಿದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದನು. ಅರ್ಜಿಯನ್ನು ಮರಾಠಿಯಲ್ಲಿ ಬರೆದು, ಠಾಣೆಯವರಿಗೆ ಭಾಷಾಂತರಕ್ಕೆ ತಡವಾಗದಿರಲೆಂದು ಕನ್ನಡದ ಪ್ರತಿಯೊಂದನ್ನೂ ಜೊತೆಗೆ ಲಗತ್ತಿಸಿ ಕೊಟ್ಟಿದ್ದೇವೆ.